ಪ್ರಾಗ್‌ಗೆ ಅರ್ಧ ದಿನ ಸಾಲದು

ಮಾನ್ಯರೇ,

ಯುರೋಪ್ ಪ್ರವಾಸದ ಪಟ್ಟಿಯಲ್ಲಿ ಪ್ರಾಗ್ ನಗರಕ್ಕೆ ಅರ್ಧ ದಿನ ಮೀಸಲಿಡುವ ಪರಿಪಾಠ ಸರಿಯಲ್ಲವೆಂದು ಈಚೆಗೆ ಅಲ್ಲಿಗೆ ಹೋಗಿಬಂದ ನನಗೆ ಅನಿಸಿದೆ. ಹಳೆಯ ಪುರಭವನದ ಗೋಡೆಯಲ್ಲಿರುವ, 1410ರ ಖಗೋಳ ಗಡಿಯಾರದ ಮುಂದೆ ಗಂಟೆಗೊಮ್ಮೆ ಸೇರುವ ಜನರು, ಅಸ್ಥಿಪಂಜರದ ಬೊಂಬೆ ಗಂಟೆ ಬಾರಿಸುವುದನ್ನೂ ಮೇಲಿನ ಕಿಟಕಿಗಳಲ್ಲಿ ಕ್ರಿಸ್ತನ ಶಿಷ್ಯರ ಮೂರ್ತಿಗಳು ಹಾದುಹೋಗುವುದನ್ನೂ ಮೊಬೈಲ್‌ನಲ್ಲಿ ಸೆರೆಹಿಡಿದು ಕ್ಷಣದಲ್ಲೇ ಚದುರಿಬಿಡುತ್ತಾರೆ. ಸೂರ್ಯ, ಚಂದ್ರ ಮತ್ತು ರಾಶಿಗಳ ಸ್ಥಾನ ತೋರಿಸುವ ಫಲಕವನ್ನು ನಿಂತು ನೋಡುವವರು ವಿರಳ. ಪಂಚಾಂಗ ಬಲ್ಲ ನಮ್ಮವರಿಗಾದರೂ ಅದು ಕುತೂಹಲ ಹುಟ್ಟಿಸಬೇಕಿತ್ತು. 1357ರಲ್ಲಿ ಕಟ್ಟಲಾರಂಭಿಸಿದ ಚಾರ್ಲ್ಸ್ ಸೇತುವೆಯ ಮೇಲೆ ಹಗಲಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮರುದಿನ ನಸುಕಿನಲ್ಲೇ ಹೋದಾಗ ವಲ್ತಾವಾ ನದಿಯ ಸದ್ದಿನ ನಡುವೆ, ಎರಡೂ ಬದಿಯ ಸಂತರ ಪ್ರತಿಮೆಗಳನ್ನು ಒಂದೊಂದಾಗಿ ನೋಡಲು ಸಾಧ್ಯವಾಯಿತು. ನಮ್ಮ ಪ್ರವಾಸ ಏಜೆನ್ಸಿಗಳು ಅಲ್ಲಿ ಕನಿಷ್ಠ ಒಂದು ರಾತ್ರಿಯ ವಾಸ್ತವ್ಯಕ್ಕೆ ಅವಕಾಶ ಕಲ್ಪಿಸಬೇಕೆಂದು ವಿನಂತಿಸುತ್ತೇನೆ.

– ಓದುಗ, ಮೈಸೂರು