ಒರ್ಲ್ಯಾಂಡೊ ಪ್ರವಾಸದ ವಸತಿ ಕ್ರಮದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಅಮೆರಿಕದಲ್ಲಿ ನೆಲೆಸಿರುವ ಮಗನ ಅಥವಾ ಮಗಳ ಮನೆಗೆ ಹೋದಾಗ ಮೊಮ್ಮಕ್ಕಳ ಜೊತೆ ಫ್ಲಾರಿಡಾದ ಒರ್ಲ್ಯಾಂಡೊ ಬಳಿಯ ಡಿಸ್ನಿ ವರ್ಲ್ಡ್ ನೋಡಿ ಬರಬೇಕೆಂದು ನಮ್ಮ ಮೈಸೂರಿನ ಕಚೇರಿಗೆ ಬರುವ ಕುಟುಂಬಗಳಿಗೆ ಇಷ್ಟು ವರ್ಷ ನಾವು ಒಂದೇ ಪ್ಯಾಕೇಜ್ ಕೊಡುತ್ತಿದ್ದೆವು. ವಿಮಾನದ ಟಿಕೆಟ್, ಪಾರ್ಕಿನ ಟಿಕೆಟ್ ಮತ್ತು ಪಾರ್ಕಿನ ಹೊರಗೆ ಕಡಿಮೆ ಬಾಡಿಗೆಯ ಹೋಟೆಲ್ ಕೊಠಡಿ ಮೂರೂ ಸೇರಿ ಅದಕ್ಕೊಂದು ಒಟ್ಟು ಮೊತ್ತವಿರುತ್ತಿತ್ತು. ಬರುವ ತಿಂಗಳ 1ನೇ ತಾರೀಖಿನಿಂದ ಈ ಪ್ಯಾಕೇಜನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮುಂದೆ ವಸತಿಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಪಾರ್ಕಿನ ಆವರಣದೊಳಗಿನ ಹೋಟೆಲಿಗೆ ಒಂದು ಮತ್ತು ಹೊರಗಿನ ಹೋಟೆಲಿಗೆ ಅಥವಾ ಬಾಡಿಗೆ ಮನೆಗೆ ಒಂದು, ಹೀಗೆ ಎರಡು ಲಿಖಿತ ಅಂದಾಜುಪಟ್ಟಿಗಳನ್ನು ನಿಮ್ಮ ಕೈಗೆ ಕೊಟ್ಟು, ನೀವು ಮನೆಯವರೊಡನೆ ಮಾತನಾಡಿ ಒಂದನ್ನು ಒಪ್ಪಿದ ಮೇಲಷ್ಟೇ ಕೊಠಡಿ ಕಾಯ್ದಿರಿಸುತ್ತೇವೆ. ನಮ್ಮ ಶುಲ್ಕದ ಕ್ರಮವೂ ಇದರ ಜೊತೆಗೇ ಬದಲಾಗುತ್ತದೆ. ಅದನ್ನು ಮುಂದೆ ವಿವರಿಸಿದ್ದೇವೆ.

ಈ ಬದಲಾವಣೆಗೆ ಕಾರಣವಾದ ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಮೂಲಕ ಹೋದ ಒಂದು ಕುಟುಂಬದಲ್ಲಿ ಮಂಡಿ ನೋವಿನ ಅಜ್ಜಿ ಮತ್ತು ಎರಡು ವರ್ಷದ ಮಗು ಇದ್ದರು. ಬಾಡಿಗೆ ಕಡಿಮೆ ಎಂಬ ಒಂದೇ ಕಾರಣಕ್ಕೆ ನಾವು ಅವರಿಗೆ ಡಿಸ್ನಿ ವರ್ಲ್ಡ್ ಹೊರಗಿನ ಕಿಸಿಮ್ಮಿ ಎಂಬ ಊರಿನ ಹೆದ್ದಾರಿಯ ಮೇಲಿನ ಒಂದು ಹೋಟೆಲನ್ನು ಗೊತ್ತುಮಾಡಿದ್ದೆವು. ಬೆಳಿಗ್ಗೆ 8ಕ್ಕೆ ಕಾರಿನಲ್ಲಿ ಹೊರಟವರು ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಎಂಬ ಪಾರ್ಕಿನ ಬಾಗಿಲು ದಾಟುವಾಗ 10 ಗಂಟೆ ಆಗಿತ್ತು. ಮಧ್ಯಾಹ್ನ ಬಿಸಿಲಿಗೆ ಮಗು ಅಳಲು ಶುರುಮಾಡಿದಾಗ ಎಲ್ಲರೂ ವಿಶ್ರಾಂತಿಗೆಂದು ಹೊರಟರು. ಹೋಟೆಲ್ ಸೇರುವಷ್ಟರಲ್ಲಿ ಅಜ್ಜಿಯ ಕಾಲು ಊದಿತ್ತು, ಸಂಜೆ ಮತ್ತೆ ಅಷ್ಟೇ ದಾರಿ ಸವೆಸುವ ಶಕ್ತಿ ಯಾರಲ್ಲೂ ಉಳಿದಿರಲಿಲ್ಲ. ಆ ಅಜ್ಜಿ ಊರಿನಿಂದ ಹೊರಡುವಾಗ ನೋಡಬೇಕೆಂದು ಕೇಳಿದ್ದು ರಾತ್ರಿ ಆ ಪಾರ್ಕಿನ ಕೋಟೆಯ ಮೇಲೆ ಬಿಡುವ ಬಾಣಬಿರುಸು ಒಂದನ್ನೇ. ಹೋಟೆಲಿನ ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಅವರಿಗೆ ಮರಗಳಾಚೆ ಆಗಾಗ ಕೆಂಪಾಗುತ್ತಿದ್ದ ಆಕಾಶ ಮಾತ್ರ ಕಂಡಿತು. ಹೋಟೆಲಿನವರ ತಪ್ಪು ಇದರಲ್ಲಿ ಏನೂ ಇರಲಿಲ್ಲ; ಆ ಕುಟುಂಬಕ್ಕೆ ಆ ಜಾಗ ಒಗ್ಗುವುದಿಲ್ಲ ಎಂಬುದನ್ನು ಕೇಳಿ ತಿಳಿಯದೆ ಹೋದ ತಪ್ಪು ನಮ್ಮದು. ಅವರಲ್ಲಿ ಕ್ಷಮೆ ಕೇಳಿದ್ದೇವೆ.

ಎರಡು ಗಂಟೆ ಹೇಗೆ ಹೋಯಿತೆಂದು ತಿಳಿಯಬೇಕಾದರೆ ಆ ಜಾಗದ ರಚನೆ ಗೊತ್ತಿರಬೇಕು. ವಾಲ್ಟ್ ಡಿಸ್ನಿ ವರ್ಲ್ಡ್ ಒಂದು ಪಾರ್ಕ್ ಅಲ್ಲ. ಸುಮಾರು 25,000 ಎಕರೆ ನೆಲದಲ್ಲಿ ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಎಂಬ ನಾಲ್ಕು ಪಾರ್ಕುಗಳೂ ಎರಡು ವಾಟರ್ ಪಾರ್ಕುಗಳೂ ಹರಡಿಕೊಂಡಿವೆ. ಒಂದರಿಂದ ಇನ್ನೊಂದಕ್ಕೆ ವಾಹನದಲ್ಲೇ ಹೋಗಬೇಕು. ಇವುಗಳಲ್ಲಿ ಮೊದಲನೆಯದಾದ, 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಮ್ ಒಂದು ದೊಡ್ಡ ಕೆರೆಯ ಆಚೆ ದಡದಲ್ಲಿದೆ. ಹೊರಗಿನಿಂದ ಕಾರಿನಲ್ಲಿ ಬಂದವರು ಅದರ ಬಾಗಿಲಿನ ಹತ್ತಿರ ಕಾರು ನಿಲ್ಲಿಸುವಂತಿಲ್ಲ. ಈಚೆ ದಡದ ಸಾರಿಗೆ ಕೇಂದ್ರದಲ್ಲಿ ನಿಲ್ಲಿಸಿ, ಅಲ್ಲಿ ಚೀಲಗಳ ತಪಾಸಣೆ ಮುಗಿಸಿ, ದೋಣಿ ಅಥವಾ ಮೊನೊರೈಲಿಗೆ ಸಾಲಿನಲ್ಲಿ ನಿಂತು ಕೆರೆ ದಾಟಬೇಕು. ಊಬರ್ ಟ್ಯಾಕ್ಸಿಯಲ್ಲಿ ಬಂದವರನ್ನೂ ಇಳಿಸುವುದು ಅಲ್ಲಿಯೇ. ಆವರಣದೊಳಗಿನ ಡಿಸ್ನಿ ಹೋಟೆಲುಗಳ ಬಸ್ಸು ಮಾತ್ರ ನೇರವಾಗಿ ಪಾರ್ಕಿನ ಬಾಗಿಲಿಗೇ ಬಂದು ನಿಲ್ಲುತ್ತದೆ. ಗಾಲಿಕುರ್ಚಿಯನ್ನು ಹತ್ತಿಸಲು ಆ ಬಸ್ಸುಗಳಲ್ಲಿ ವ್ಯವಸ್ಥೆಯಿದೆ. ಕಾಂಟೆಂಪೊರರಿ ಎಂಬ ಹೋಟೆಲಿನಿಂದಂತೂ ನಡೆದೇ ಹತ್ತು ನಿಮಿಷದಲ್ಲಿ ತಲುಪಬಹುದು. ಆದರೆ ಅದು ಅತಿ ದುಬಾರಿ ದರ್ಜೆಯ ಹೋಟೆಲುಗಳಲ್ಲಿ ಒಂದು.

ಹೊರಗಿನ ಎಲ್ಲ ವಸತಿಯೂ ದೂರ ಎಂದು ಇದರಿಂದ ಭಾವಿಸಬಾರದು. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ 1955ರಲ್ಲಿ ಆರಂಭವಾದ ಡಿಸ್ನಿಲ್ಯಾಂಡಿನ ಸ್ಥಿತಿ ಇದಕ್ಕೆ ತೀರಾ ಬೇರೆ. ಅಲ್ಲಿ ಹಾರ್ಬರ್ ಬುಲೆವಾರ್ಡ್ ಎಂಬ ರಸ್ತೆ ದಾಟಿದರೆ ಖಾಸಗಿ ಹೋಟೆಲುಗಳ ಸಾಲು ಇದೆ. ಅವುಗಳಲ್ಲಿ ಕೆಲವು ಡಿಸ್ನಿಯವರ ಸ್ವಂತ ಹೋಟೆಲುಗಳಿಗಿಂತಲೂ ಪಾರ್ಕಿನ ಬಾಗಿಲಿಗೆ ಹತ್ತಿರವಾಗಿವೆ. ಹೀಗೆ ಬೇರೆಯವರ ಕಟ್ಟಡಗಳು ಪಾರ್ಕನ್ನು ಸುತ್ತುವರಿದದ್ದು ವಾಲ್ಟ್ ಡಿಸ್ನಿಯವರಿಗೆ ಸರಿಕಾಣಲಿಲ್ಲ. ಫ್ಲಾರಿಡಾದಲ್ಲಿ ಅಷ್ಟು ವಿಶಾಲವಾದ ಭೂಮಿಯನ್ನು ಮೊದಲೇ ಕೊಂಡದ್ದಕ್ಕೆ ಅದೂ ಒಂದು ಕಾರಣ. ಆದ್ದರಿಂದ ಅನಾಹೈಮ್‌ಗೆ ಹೋಗುವ ನಮ್ಮ ಗ್ರಾಹಕರಿಗೆ ರಸ್ತೆಯಾಚೆಯ ಹೋಟೆಲನ್ನೇ ನಾವು ಮೊದಲು ಸೂಚಿಸುತ್ತೇವೆ, ಅದರಲ್ಲಿ ಬದಲಾವಣೆಯಿಲ್ಲ. ಈ ಪತ್ರದ ಉಳಿದ ಮಾತು ಒರ್ಲ್ಯಾಂಡೊಗೆ ಸಂಬಂಧಿಸಿದ್ದು.

ಒಳಗೆ ಉಳಿದವರಿಗೆ ದೂರ ಕಡಿಮೆಯಾಗುವುದರ ಜೊತೆಗೆ ಸಮಯವೂ ಸಿಗುತ್ತದೆ. ಡಿಸ್ನಿ ಹೋಟೆಲಿನ ಅತಿಥಿಗಳನ್ನು ಪ್ರತಿದಿನ, ನಾಲ್ಕೂ ಪಾರ್ಕುಗಳಿಗೆ, ಉಳಿದವರಿಗಿಂತ 30 ನಿಮಿಷ ಮೊದಲು ಒಳಗೆ ಬಿಡುತ್ತಾರೆ. ಅರ್ಧ ಗಂಟೆ ಎಂದರೆ ಅಲ್ಪವೆನಿಸಬಹುದು. ಆದರೆ ಮಧ್ಯಾಹ್ನದ ಹೊತ್ತಿಗೆ ಒಂದು ಗಂಟೆಗೂ ಹೆಚ್ಚು ಕಾಯಬೇಕಾದ ಆಟವೊಂದನ್ನು ಆ ಅರ್ಧ ಗಂಟೆಯಲ್ಲಿ ಹೆಚ್ಚು ಕಾಯದೆ ಮುಗಿಸಿಬಿಡಬಹುದು. ಆವರಣದೊಳಗೆ ಅಂಗಡಿ, ಹೋಟೆಲೂಟಗಳಿರುವ ಡಿಸ್ನಿ ಸ್ಪ್ರಿಂಗ್ಸ್ ಎಂಬ ಜಾಗದ ಸಮೀಪದ ಕೆಲವು ಖಾಸಗಿ ಹೋಟೆಲುಗಳಿಗೂ ಈ ಸೌಲಭ್ಯ ಇದೆ; ಆ ಪಟ್ಟಿ ಕಾಲಕಾಲಕ್ಕೆ ಪರಿಷ್ಕಾರವಾಗುವುದರಿಂದ ಕಾಯ್ದಿರಿಸುವ ದಿನ ಪರಿಶೀಲಿಸಿಯೇ ಹೇಳುತ್ತೇವೆ. ಸಾಲನ್ನು ತಪ್ಪಿಸಲು ಹಣ ಕೊಟ್ಟು ಪಡೆಯುವ ಲೈಟ್ನಿಂಗ್ ಲೇನ್ ಪಾಸನ್ನು ಒಳಗಿನ ಅತಿಥಿಗಳು ತಾವು ಹೋಟೆಲಿಗೆ ಬರುವ 7 ದಿನ ಮುಂಚೆ ಇಡೀ ವಾಸ್ತವ್ಯಕ್ಕೆ ಕಾಯ್ದಿರಿಸಬಹುದು. ಹೊರಗಿನವರಿಗೆ ಪಾರ್ಕಿಗೆ ಹೋಗುವ ದಿನಕ್ಕಿಂತ 3 ದಿನ ಮುಂಚೆ ಮಾತ್ರ ಅವಕಾಶ. ರಜಾ ದಿನಗಳಲ್ಲಿ ಆ ನಾಲ್ಕು ದಿನಗಳ ಅಂತರದಲ್ಲಿ ಬೇಡಿಕೆಯಿರುವ ಆಟಗಳ ಬೆಳಗಿನ ವೇಳೆಗಳು ಖಾಲಿಯಾಗಿಬಿಡುತ್ತವೆ.

ಇನ್ನು ಹಣದ ಮಾತು. ಇಲ್ಲಿಯೇ ನಮ್ಮ ಹಳೆಯ ಪ್ಯಾಕೇಜ್ ಗ್ರಾಹಕರನ್ನು ಹೆಚ್ಚು ದಾರಿ ತಪ್ಪಿಸಿತೆಂದು ನಾವು ಭಾವಿಸುತ್ತೇವೆ, ಏಕೆಂದರೆ ಕೊಠಡಿಯ ಬಾಡಿಗೆಯೊಂದನ್ನೇ ತೋರಿಸಿ ಹೊರಗಿನ ಹೋಟೆಲ್ ಅಗ್ಗವೆಂದು ನಾವು ಹೇಳುತ್ತಿದ್ದೆವು. ದರಗಳು ದಿನದಿಂದ ದಿನಕ್ಕೆ ಬದಲಾಗುವುದರಿಂದ ಲೆಕ್ಕದ ಬಗೆ ತಿಳಿಯಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹೊರಗಿನ ಹೋಟೆಲಿನ ಬಾಡಿಗೆ ರಾತ್ರಿಗೆ 110 ಡಾಲರ್ ಎಂದಿದ್ದರೆ, ಅದರ ಮೇಲೆ ರೆಸಾರ್ಟ್ ಫೀ ಎಂಬ ಕಡ್ಡಾಯ ಶುಲ್ಕ 30 ಡಾಲರ್ ಇರಬಹುದು. ಎರಡೂ ಸೇರಿದ 140ರ ಮೇಲೆ ಒರ್ಲ್ಯಾಂಡೊ ಇರುವ ಆರೆಂಜ್ ಕೌಂಟಿಯ (ಅಂದರೆ ಜಿಲ್ಲೆಯ) 12.5 ಶೇಕಡ ತೆರಿಗೆ ಹಾಕಿದರೆ 157 ಡಾಲರ್ 50 ಸೆಂಟ್ ಆಗುತ್ತದೆ. ಕಿಸಿಮ್ಮಿ ಇರುವ ಆಸಿಯೋಲಾ ಕೌಂಟಿಯಲ್ಲಾದರೆ ತೆರಿಗೆ 13.5 ಶೇಕಡ. ಹೋಟೆಲಿನಲ್ಲಿ ಕಾರು ನಿಲ್ಲಿಸಲು 15 ಡಾಲರ್ ಮತ್ತು ಪಾರ್ಕಿನಲ್ಲಿ ನಿಲ್ಲಿಸಲು ದಿನಕ್ಕೆ 30 ಡಾಲರ್ ಎಂದು ಹಿಡಿದರೆ ಒಟ್ಟು 202 ಡಾಲರ್ 50 ಸೆಂಟ್. ಒಳಗಿನ ಕಡಿಮೆ ದರ್ಜೆಯ ಹೋಟೆಲಿನ ಬಾಡಿಗೆ 190 ಡಾಲರ್ ಆದರೆ ತೆರಿಗೆ ಸೇರಿ 213 ಡಾಲರ್ 75 ಸೆಂಟ್. ಡಿಸ್ನಿಯವರ ಸ್ವಂತ ಹೋಟೆಲುಗಳಲ್ಲಿ ರೆಸಾರ್ಟ್ ಫೀ ಇಲ್ಲ, ಅತಿಥಿಗಳಿಗೆ ಹೋಟೆಲಿನಲ್ಲೂ ಪಾರ್ಕಿನಲ್ಲೂ ಕಾರು ನಿಲ್ಲಿಸಲು ಹಣ ಕೊಡಬೇಕಿಲ್ಲ. 80 ಡಾಲರ್ ಎಂದು ಕಂಡ ವ್ಯತ್ಯಾಸ ಕೊನೆಗೆ ಉಳಿದದ್ದು 11 ಡಾಲರ್ ಚಿಲ್ಲರೆ. ಒಳಗೆ ಓಡಾಡಲು ಬಸ್ಸು ಇರುವುದರಿಂದ ಕಾರು ಬಾಡಿಗೆಯನ್ನೇ ಬಿಟ್ಟುಬಿಟ್ಟರೆ ಲೆಕ್ಕ ತಿರುವುಮುರುವಾಗುವುದೂ ಉಂಟು. ಆದರೆ ಒಂದು ಎಚ್ಚರಿಕೆ: ವಿಮಾನ ನಿಲ್ದಾಣದಿಂದ ಡಿಸ್ನಿ ಹೋಟೆಲುಗಳಿಗೆ ಇದ್ದ ಉಚಿತ ಬಸ್ಸು 2022ರ ಜನವರಿಯಲ್ಲಿ ನಿಂತುಹೋಗಿದೆ. ಹಿಂದೆ ಹೋಗಿ ಬಂದವರ ಮಾತು ಕೇಳಿ ಅದನ್ನು ನಂಬಿಕೊಂಡು ಹೋಗಬೇಡಿ.

ಇಷ್ಟನ್ನೆಲ್ಲ ಓದಿ ನಾವು ಎಲ್ಲರನ್ನೂ ಒಳಗೇ ಇಳಿಸಲು ಹೊರಟಿದ್ದೇವೆ ಎಂದುಕೊಳ್ಳಬೇಡಿ. ಅದೇ ಬೇಸಿಗೆಯಲ್ಲಿ ಅಕ್ಕ ತಂಗಿಯರಿಬ್ಬರ ಸಂಸಾರಗಳು, ಅಜ್ಜ ಅಜ್ಜಿ ಸೇರಿ ಒಂಬತ್ತು ಜನ, ಕಿಸಿಮ್ಮಿಯಲ್ಲಿ ನಾಲ್ಕು ಮಲಗುವ ಕೋಣೆಗಳ ಬಾಡಿಗೆ ಮನೆಯೊಂದರಲ್ಲಿ ಒಂದು ವಾರ ಇದ್ದು ಬಂದರು. ಒಳಗಿನ ಕಡಿಮೆ ದರ್ಜೆಯ ಸಾಮಾನ್ಯ ಕೊಠಡಿಗಳಲ್ಲಿ ನಾಲ್ಕೇ ಜನಕ್ಕೆ ಅವಕಾಶ, ಮೂರು ವರ್ಷದೊಳಗಿನ ಮಗು ಮಾತ್ರ ಲೆಕ್ಕಕ್ಕಿಲ್ಲ. ಒಂಬತ್ತು ಜನಕ್ಕೆ ಮೂರು ಕೊಠಡಿ ಬೇಕಾಗುತ್ತಿತ್ತು, ರಾತ್ರಿ ಎಲ್ಲರೂ ಒಟ್ಟಿಗೆ ಕೂರಲು ಜಾಗವಿರುತ್ತಿರಲಿಲ್ಲ. ಬಾಡಿಗೆ ಮನೆಯಲ್ಲಿ ಪೂರ್ತಿ ಅಡುಗೆಮನೆ ಇತ್ತು. ದೊಡ್ಡವರು ಬೆಳಿಗ್ಗೆ ಐದಕ್ಕೇ ಎದ್ದು ಅನ್ನ ಮಾಡಿ, ಊರಿನಿಂದ ತಂದ ಗೊಜ್ಜಿನಲ್ಲಿ ಪುಳಿಯೋಗರೆ ಕಲಸಿ, ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿಕೊಂಡು ಪಾರ್ಕಿಗೆ ಹೋಗುತ್ತಿದ್ದರು. ಡಿಸ್ನಿ ವರ್ಲ್ಡ್ ಪಾರ್ಕುಗಳಲ್ಲಿ ಬಿಸಿ ಮಾಡುವ ಅಗತ್ಯವಿಲ್ಲದ ಮನೆಯ ತಿಂಡಿಯನ್ನು ಒಳಗೆ ಬಿಡುತ್ತಾರೆ, ಗಾಜಿನ ಡಬ್ಬಿ ಆಗದು ಅಷ್ಟೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದ ಅಥವಾ ಹೊರಗಿನ ಊಟವೇ ಒಗ್ಗದ ಹಿರಿಯರಿರುವ ಮನೆಗಳಿಗೆ ಈ ಅಡುಗೆಮನೆ ಎಷ್ಟು ದೊಡ್ಡ ನೆಮ್ಮದಿ ಎಂಬುದು ನಿಮಗೆ ನಾವು ಹೇಳಬೇಕಾದದ್ದೇನಲ್ಲ. ಆವರಣದೊಳಗೆ ಇಂಥ ಅನುಕೂಲ ಬೇಕೆಂದರೆ ಫೋರ್ಟ್ ವೈಲ್ಡರ್‌ನೆಸ್ ಎಂಬಲ್ಲಿ ಆರು ಜನಕ್ಕೆ ಸಾಕಾಗುವ, ಅಡುಗೆಮನೆಯಿರುವ ಕ್ಯಾಬಿನ್‌ಗಳಿವೆ, ಆದರೆ ಅವುಗಳ ಬಾಡಿಗೆ ಹೆಚ್ಚು. ಹೊರಗೆ ಉಳಿಯುವವರ ಪೈಕಿ ಒಬ್ಬರಾದರೂ ಕಾರು ಓಡಿಸುವವರು ಇರಲೇಬೇಕು. ಹೋಟೆಲುಗಳ ಉಚಿತ ಶಟಲ್ ವ್ಯಾನುಗಳು ನಿಗದಿತ ಹೊತ್ತಿಗಷ್ಟೇ ಹೊರಡುತ್ತವೆ, ಅವುಗಳನ್ನು ನೆಚ್ಚಿಕೊಂಡು ಮಗುವನ್ನು ಮಧ್ಯಾಹ್ನ ಮಲಗಿಸಲು ಕರೆತರುವುದು ಕಷ್ಟ.

ಒರ್ಲ್ಯಾಂಡೊದಲ್ಲೇ ಇರುವ, ಡಿಸ್ನಿಗೆ ಸೇರದ ಯೂನಿವರ್ಸಲ್ ಎಂಬ ಕಂಪನಿಯ ಪಾರ್ಕುಗಳಿಗೂ ಹೋಗುವವರಿಗೆ ಒಂದು ವಿಶೇಷ ಸಲಹೆ ಇದೆ. ಅಲ್ಲಿನ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಎಂಬ ಮೂರು ಹೋಟೆಲುಗಳಲ್ಲಿ ಉಳಿದ ಅತಿಥಿಗಳಿಗೆ ಯೂನಿವರ್ಸಲ್ ಸ್ಟುಡಿಯೋಸ್ ಮತ್ತು ಐಲ್ಯಾಂಡ್ಸ್ ಆಫ್ ಅಡ್ವೆಂಚರ್ ಪಾರ್ಕುಗಳಲ್ಲಿ ಬಹುತೇಕ ಆಟಗಳ ಸಾಲನ್ನು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಕೊಠಡಿಯ ಜೊತೆಗೇ ಬರುತ್ತದೆ. ಅದು ಬಂದ ದಿನಕ್ಕೂ ಬಿಡುವ ದಿನಕ್ಕೂ ಅನ್ವಯಿಸುವುದರಿಂದ ಒಂದು ರಾತ್ರಿಯ ಬಾಡಿಗೆಗೆ ಎರಡು ದಿನದ ಪಾಸ್ ದೊರೆತಂತಾಗುತ್ತದೆ. 2025ರ ಮೇ ತಿಂಗಳಲ್ಲಿ ತೆರೆದ ಎಪಿಕ್ ಯೂನಿವರ್ಸ್ ಎಂಬ ಅವರ ಇನ್ನೊಂದು ಪಾರ್ಕಿಗೆ ಈ ಪಾಸ್ ನಡೆಯುವುದಿಲ್ಲ. ಹಲವು ಕುಟುಂಬಗಳಿಗೆ ಹೊರಗೆ ಮನೆ ಹಿಡಿದು, ನಡುವೆ ಒಂದು ರಾತ್ರಿ ಮಾತ್ರ ಈ ಮೂರರಲ್ಲಿ ಒಂದರಲ್ಲಿ ಉಳಿಯುವುದು ಅನುಕೂಲವಾಗಬಹುದು. ಅಂಥ ಮಿಶ್ರ ವ್ಯವಸ್ಥೆಗೂ ಅಂದಾಜು ಸಿದ್ಧಪಡಿಸಿ ಕೊಡುತ್ತೇವೆ.

ಆದ್ದರಿಂದ ಇನ್ನು ಮುಂದೆ ನೀವು ಕಚೇರಿಗೆ ಬಂದಾಗ ದರದ ಮಾತಿಗೆ ಮೊದಲು ಕೆಲವು ಪ್ರಶ್ನೆಗಳನ್ನು ಕೇಳುತ್ತೇವೆ. ಎಷ್ಟು ಜನ, ಅವರಲ್ಲಿ ಮಧ್ಯಾಹ್ನ ಮಲಗಲೇಬೇಕಾದವರು ಯಾರು, ಹೆಚ್ಚು ನಡೆಯಲಾಗದವರು ಯಾರು, ಕಾರು ಓಡಿಸುವವರು ಇದ್ದಾರೆಯೇ, ಊಟದ ನಿಯಮವೇನು, ಪಾರ್ಕುಗಳಿಗೆ ಎಷ್ಟು ದಿನ ಮೀಸಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಮಧ್ಯಾಹ್ನ ಮಲಗುವವರ ಮತ್ತು ಹೆಚ್ಚು ನಡೆಯಲಾಗದವರ ಬಗೆಗಿನ ಪ್ರಶ್ನೆಗಳನ್ನು ಲಘುವಾಗಿ ತೆಗೆದುಕೊಳ್ಳಬಾರದೆಂದು ಕೇಳಿಕೊಳ್ಳುತ್ತೇವೆ. ಆ ತಿಂಗಳುಗಳಲ್ಲಿ ಒರ್ಲ್ಯಾಂಡೊದ ಸೆಕೆ ನಮ್ಮ ಕರಾವಳಿಯ ಮೇ ತಿಂಗಳನ್ನು ನೆನಪಿಸುತ್ತದೆ. ಹೆಚ್ಚಿನ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಬಂದು ಹೊರಾಂಗಣದ ಆಟಗಳನ್ನು ನಿಲ್ಲಿಸುತ್ತಾರೆ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನ ಕೊಠಡಿಗೆ ಮರಳಿ, ಸಂಜೆ ಮತ್ತೆ ಹೋಗುವುದೇ ಆಗ ಸರಿಯಾದ ಕ್ರಮ, ಮತ್ತು ವಸತಿ ಹತ್ತಿರವಿದ್ದವರಿಗಷ್ಟೇ ಅದು ಸಾಧ್ಯ.

ಶುಲ್ಕದ ವಿಷಯ. ಕೊಠಡಿ ಕಾಯ್ದಿರಿಸಿದ್ದಕ್ಕೆ ಹೋಟೆಲಿನವರು ನಮಗೆ ಕಮಿಷನ್ ಕೊಡುತ್ತಾರೆ. ಇದುವರೆಗೆ ಅದು ಪ್ಯಾಕೇಜಿನ ಮೊತ್ತದೊಳಗೆ ಸೇರಿಹೋಗುತ್ತಿದ್ದುದರಿಂದ ನಿಮಗೆ ಕಾಣುತ್ತಿರಲಿಲ್ಲ. ಯಾವ ಹೋಟೆಲು ಹೆಚ್ಚು ಕಮಿಷನ್ ಕೊಡುತ್ತದೋ ಅದರ ಕಡೆಗೆ ನಮ್ಮ ಸಲಹೆ ವಾಲಿದೆಯೇ ಎಂಬ ಅನುಮಾನಕ್ಕೆ ಎಡೆ ಇರಬಾರದು. ಇನ್ನು ಮುಂದೆ ಒಳಗಾಗಲಿ ಹೊರಗಾಗಲಿ, ಒಂದು ಕುಟುಂಬದ ವಸತಿ ವ್ಯವಸ್ಥೆಗೆ ನಮ್ಮ ಶುಲ್ಕ 6,000 ರೂಪಾಯಿ. ಬಂದ ಕಮಿಷನ್ ಎಷ್ಟೆಂದು ಬಿಲ್ಲಿನಲ್ಲಿ ಬರೆದು, ಅದನ್ನು ಪೂರ್ತಿಯಾಗಿ ನಿಮಗೇ ವಜಾ ಮಾಡಿಕೊಡುತ್ತೇವೆ.

ಈಗಾಗಲೇ ಹಳೆಯ ಪ್ಯಾಕೇಜಿನಲ್ಲಿ ಮುಂಗಡ ಕೊಟ್ಟಿರುವವರ ಒಪ್ಪಂದ ಹಾಗೆಯೇ ಇರುತ್ತದೆ. ನೀವು ಬಯಸಿದರೆ ಹೆಚ್ಚಿನ ಶುಲ್ಕವಿಲ್ಲದೆ ಹೊಸ ಕ್ರಮಕ್ಕೆ ಬದಲಾಯಿಸಿಕೊಳ್ಳಬಹುದು, ಅದಕ್ಕೆ ಪ್ರಯಾಣದ ದಿನಕ್ಕಿಂತ 45 ದಿನ ಮೊದಲು ತಿಳಿಸಬೇಕು. ವೀಸಾ ಸಂದರ್ಶನದ ದಿನ ಇನ್ನೂ ಬಾರದವರು ರದ್ದತಿಯ ನಿಯಮವನ್ನು ನೋಡಿಕೊಂಡೇ ಆರಿಸಬೇಕು. ಡಿಸ್ನಿಯಲ್ಲಿ ಪಾರ್ಕಿನ ಟಿಕೆಟ್ ಸೇರಿಸದೆ ಕೊಠಡಿಯೊಂದನ್ನೇ ಕಾಯ್ದಿರಿಸಿದ್ದರೆ ಒಂದು ರಾತ್ರಿಯ ಮುಂಗಡ ಸಾಕು, ಕೆಲವು ದಿನ ಮುಂಚೆ ರದ್ದು ಮಾಡಿದರೂ ಅದು ಮರಳುತ್ತದೆ. ಹೊರಗಿನ ಬಾಡಿಗೆ ಮನೆಗಳಲ್ಲಿ ಮಾಲೀಕರ ನಿಯಮ ಬಹಳ ಬಿಗಿಯಾಗಿರುವುದುಂಟು. ಎರಡೂ ಅಂದಾಜುಪಟ್ಟಿಗಳ ಕೆಳಗೆ ಈ ನಿಯಮಗಳನ್ನು ಕನ್ನಡದಲ್ಲಿ ಬರೆದೇ ಕೊಡುತ್ತೇವೆ. ಕಚೇರಿ ಎಂದಿನಂತೆ ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 10ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ. ಅಮೆರಿಕದಲ್ಲಿರುವ ನಿಮ್ಮ ಮಕ್ಕಳು ಕೂಡ ಮಾತಿನಲ್ಲಿ ಸೇರಿಕೊಳ್ಳುವುದಾದರೆ, ಮೊದಲೇ ತಿಳಿಸಿದಲ್ಲಿ ಅಲ್ಲಿನ ಬೆಳಗಿನ ಹೊತ್ತಿಗೆ ಹೊಂದುವಂತೆ ರಾತ್ರಿ 8 ಗಂಟೆಗೆ ವಿಡಿಯೊ ಕರೆಗೆ ಸಿಗುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ವಿದೇಶ ಪ್ರವಾಸ ವಿಭಾಗ
ಮೈಸೂರು