ಈ ರಸ್ತೆಗೆ ಆಗದ ಗಾಡಿಯನ್ನು ಈ ಊರಲ್ಲೇ ಮಾರಿದ್ದೇಕೆ?

ಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ,
ಕಾರು ತಯಾರಿಕಾ ಕಂಪನಿಯ ಕೇಂದ್ರ ಕಚೇರಿ

ಪ್ರತಿ: ವ್ಯವಸ್ಥಾಪಕರು, ಅಧಿಕೃತ ಮಾರಾಟ ಮತ್ತು ಸರ್ವಿಸ್ ಕೇಂದ್ರ, ಗೋಕುಲ ರಸ್ತೆ, ಹುಬ್ಬಳ್ಳಿ

ವಿಷಯ: ಹೊಸ ಸೆಡಾನ್ ಕಾರಿನ ಗೇರ್‌ಬಾಕ್ಸ್ ಬಿಸಿಯಾಗಿ ಗಾಡಿ ನಿಲ್ಲುತ್ತಿರುವುದು, ವಾರಂಟಿ ನಿರಾಕರಣೆ ಹಾಗೂ ರಸೀದಿ ಇಲ್ಲದ ವಸೂಲಿ ಕುರಿತು ದೂರು.

ಮಾನ್ಯರೇ,

ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುವವನು. ಕಳೆದ ದೀಪಾವಳಿ ಪಾಡ್ಯದ ದಿನ, 2025ರ ಅಕ್ಟೋಬರ್ 22ರಂದು, ತಮ್ಮ ಕಂಪನಿಯ ದೊಡ್ಡ ಸೆಡಾನನ್ನು ಹುಬ್ಬಳ್ಳಿಯ ಷೋರೂಮಿನಿಂದ ಮನೆಗೆ ತಂದೆ. ಶ್ರಾವಣದಲ್ಲೇ ತರುವ ಮನಸ್ಸಿತ್ತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿ, ಸೆಸ್ ಸೇರಿ 45% ಇದ್ದದ್ದು 40%ಕ್ಕೆ ಇಳಿಯುತ್ತದೆ ಎಂದು ತಿಳಿದಾಗ ತಡೆದೆ. ಅಷ್ಟಾದರೂ ರಾಜ್ಯದ 17% ಆಜೀವ ತೆರಿಗೆ, ವಿಮೆ, ಅದೂ ಇದೂ ಕೂಡಿ ಗಾಡಿ ರಸ್ತೆಗೆ ಇಳಿಯುವ ಹೊತ್ತಿಗೆ 22 ಲಕ್ಷ ದಾಟಿತು.

ಮೊದಲು ಗಾಡಿಯ ಬಗ್ಗೆ ಇರುವ ಒಳ್ಳೆಯ ಮಾತು ಹೇಳಿಬಿಡುತ್ತೇನೆ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಹತ್ತಿ, ಬಂಕಾಪುರ ಟೋಲ್ ದಾಟಿ ಹುಬ್ಬಳ್ಳಿ ಮುಟ್ಟುವ ತನಕ ಇದರ ಓಟಕ್ಕೆ ಹೆಸರಿಡುವಂತಿಲ್ಲ. ನೂರರ ವೇಗದಲ್ಲೂ ನೆಲಕ್ಕೆ ಅಂಟಿಕೊಂಡು ಓಡುತ್ತದೆ, ಲಾರಿ ಹಿಂದಿಕ್ಕಲು ಕಾಲು ಒತ್ತಿದರೆ ಸಾಕು. ಡಿಕ್ಕಿ ಎಷ್ಟು ದೊಡ್ಡದೆಂದರೆ, ಮಗಳ ಸೀಮಂತಕ್ಕೆ ಹೋಗುವಾಗ ಬುತ್ತಿಯ ಬುಟ್ಟಿಗಳೆಲ್ಲ ಹಿಡಿಸಿ ಇನ್ನೂ ಜಾಗ ಉಳಿದಿತ್ತು. ನಮ್ಮ ಅವ್ವ ಮಾತ್ರ ಸೀಟು ಬಹಳ ತಗ್ಗು, ಕೂತರೆ ಏಳಲು ಬರುವುದಿಲ್ಲ ಎನ್ನುತ್ತಾಳೆ. ಅದು ಸೆಡಾನಿನ ಗುಣ, ಅದನ್ನು ನಾನು ದೂರು ಮಾಡುತ್ತಿಲ್ಲ.

ದೂರು ಗೇರ್‌ಬಾಕ್ಸಿನದು. ಅದಕ್ಕಿಂತ ಹೆಚ್ಚಾಗಿ, ಆ ಬಗ್ಗೆ ಕೇಳಿದಾಗಲೆಲ್ಲ ತಮ್ಮ ಸರ್ವಿಸ್ ಕೇಂದ್ರದವರು ಕೊಡುತ್ತಿರುವ ಒಂದೇ ಒಂದು ಉತ್ತರದ್ದು: "ಸರ, ಇದು ನಮ್ಮ ಕಡೆ ರೋಡಿಗೆ ಆಗೂ ಗಾಡಿ ಅಲ್ರಿ."

ಬ್ಯಾಡಗಿ ಮಾರುಕಟ್ಟೆಯ ಸಂಗತಿ ತಮಗೆ ಗೊತ್ತಿರಲಿಕ್ಕಿಲ್ಲ. ಜನವರಿಯಿಂದ ಸೀಸನ್ ಏರುತ್ತದೆ. ಸೋಮವಾರ, ಗುರುವಾರ ಟೆಂಡರ್, ಅಂದರೆ ಖರೀದಿದಾರರು ದರ ಬರೆದು ಕಾಯಿ ಕೊಳ್ಳುವ ದಿನ. ಆ ದಿನಗಳಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬಂದ ಚೀಲದ ಲಾರಿಗಳು ಊರ ಹೊರಗಿನಿಂದಲೇ ಸಾಲು ಹಚ್ಚುತ್ತವೆ. ಊರೊಳಗಿನ ಮುಖ್ಯರಸ್ತೆಯೋ ಮೊದಲೇ ಇಕ್ಕಟ್ಟು. ಮನೆಯಿಂದ ಅಂಗಡಿಗೆ ಹೋಗುವುದೆಂದರೆ ಬ್ರೇಕ್ ಬಿಡು, ಎರಡು ಮಾರು ಸರಿ, ಮತ್ತೆ ಬ್ರೇಕ್ ಹಿಡಿ. ಸಂಕ್ರಾಂತಿ ಮುಗಿದ ಮೇಲೆ ಬಂದ ಒಂದು ಟೆಂಡರ್ ದಿನ ಹೀಗೆ ತೆವಳುತ್ತಿರುವಾಗ ಗಾಡಿ ಜರ್ಕ್ ಹೊಡೆಯತೊಡಗಿತು. ಆಮೇಲೆ ಮೀಟರಿನ ಮೇಲೆ ಗೇರ್‌ಬಾಕ್ಸ್ ಬಿಸಿಯಾಗಿದೆ, ಗಾಡಿ ನಿಲ್ಲಿಸಿ ಎಂಬ ಸೂಚನೆ ಬಂತು. ಸ್ವಲ್ಪ ಹೊತ್ತಿಗೆ ಮುಂದಕ್ಕೆ ಓಡಿಸುವ ಡಿ ಗೇರ್ ಹಾಕಿದರೂ ಗಾಡಿ ಮುಂದೆ ಹೋಗಲಿಲ್ಲ. ಹಿಂದೆ ಲಾರಿಗಳ ಹಾರ್ನು. ಕೊನೆಗೆ ನ್ಯೂಟ್ರಲ್ಲಿಗೆ ಹಾಕಿ, ನಮ್ಮ ಅಂಗಡಿಯ ಹಮಾಲರನ್ನೇ ಕರೆಸಿ ತಳ್ಳಿಸಿ ಬದಿಗೆ ಹಚ್ಚಿದೆ. ಅವರಲ್ಲೊಬ್ಬ ಮುಖ ಒರೆಸಿಕೊಳ್ಳುತ್ತ, "ಸಾವಕಾರ್ರ, ಇದರ ಹಮಾಲಿ ಯಾರ ಲೆಕ್ಕಕ್ಕ ಬರೀಲ್ರಿ?" ಎಂದ. ಆ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ.

ಅಂದಿನಿಂದ ಬಿಸಿಲು ಏರಿದಂತೆಲ್ಲ ಇದು ಮರುಕಳಿಸುತ್ತಲೇ ಇದೆ. ಮಾರುಕಟ್ಟೆಯಲ್ಲಷ್ಟೇ ಅಲ್ಲ, ಹುಬ್ಬಳ್ಳಿಯಲ್ಲಿ ಮೇಲ್ಸೇತುವೆ ಕಾಮಗಾರಿಯಿಂದಾಗಿ ಚನ್ನಮ್ಮ ವೃತ್ತದ ಹತ್ತಿರ ವಾಹನಗಳು ಕಟ್ಟಿಕೊಂಡಿದ್ದ ಒಂದು ಸಂಜೆಯೂ ಆಯಿತು. ಅಲ್ಲಿಂದ ತಮ್ಮ ಷೋರೂಂ ಎಷ್ಟು ದೂರ ಎಂಬುದನ್ನು ತಮ್ಮ ಮಾರಾಟಗಾರರನ್ನೇ ಕೇಳಿ.

ನಾನು ಮೆಕ್ಯಾನಿಕ್ ಅಲ್ಲ, ಆದರೆ ದುಡ್ಡು ಕೊಟ್ಟವನು ತಿಳಿದುಕೊಳ್ಳುತ್ತಾನೆ. ಈ ಗಾಡಿಯಲ್ಲಿರುವುದು ಎರಡು ಕ್ಲಚ್ಚಿನ, ಏಳು ಗೇರಿನ ಆಟೋಮ್ಯಾಟಿಕ್. ಇಂಥ ಗೇರ್‌ಬಾಕ್ಸಿನಲ್ಲಿ ಎರಡು ಬಗೆ ಇದೆಯಂತೆ. ಒಂದರಲ್ಲಿ ಕ್ಲಚ್ ಪ್ಲೇಟುಗಳು ಆಯಿಲಿನಲ್ಲಿ ಮುಳುಗಿದ್ದು, ಆ ಆಯಿಲ್ಲೇ ಬಿಸಿಯನ್ನು ಎಳೆದುಕೊಳ್ಳುತ್ತದೆ. ಇನ್ನೊಂದು ಒಣ ಕ್ಲಚ್, ಅದಕ್ಕೆ ಗಾಳಿಯೇ ಗತಿ. ನನ್ನದು ಎರಡನೆಯದು. ಆಟೋಮ್ಯಾಟಿಕ್ ಎಂದರೂ ಒಳಗೆ ಕ್ಲಚ್ ಇದ್ದೇ ಇದೆ. ಗಾಡಿ ತೆವಳುವಾಗ ಅದು ಪೂರ್ತಿ ಹಿಡಿಯದೆ, ಪೂರ್ತಿ ಬಿಡದೆ ಜಾರುತ್ತಲೇ ಇರುತ್ತದೆ, ಜಾರಿದಷ್ಟೂ ಕಾಯುತ್ತದೆ. ಹೆದ್ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ನಾಲ್ವತ್ತರ ಬಿಸಿಲಲ್ಲಿ, ಎಸಿ ಹಾಕಿಕೊಂಡು, ಲಾರಿಯ ಹಿಂದೆ ಹೆಜ್ಜೆ ಹೆಜ್ಜೆ ಸರಿಯುವಾಗ ಗೊತ್ತಾಗುತ್ತದೆ. ತೆವಳಬೇಡಿ, ಮುಂದಿನ ಗಾಡಿಗೆ ಅಂತರ ಬಿಟ್ಟು ನಿಂತು, ಆಮೇಲೆ ಒಮ್ಮೆಲೇ ಹೋಗಿ ಎಂದು ಈಗ ಸರ್ವಿಸ್ ಅಡ್ವೈಸರ್ ಉಪದೇಶ ಮಾಡುತ್ತಾರೆ. ಬ್ಯಾಡಗಿಯ ಟೆಂಡರ್ ದಿನ ಎರಡು ಮಾರು ಅಂತರ ಬಿಟ್ಟು ನೋಡಿ, ಅದರೊಳಗೆ ಎರಡು ಬೈಕು, ಒಂದು ಟಂಟಂ ಬಂದು ನಿಂತಿರುತ್ತವೆ. ಈ ಉಪದೇಶ ತಮ್ಮ ಬಣ್ಣಬಣ್ಣದ ಪುಸ್ತಿಕೆಯಲ್ಲಿ ಎಲ್ಲಿಯೂ ಇರಲಿಲ್ಲ. ಅದರಲ್ಲಿದ್ದದ್ದು "ನಗರದ ದಟ್ಟಣೆಯಲ್ಲೂ ಆಯಾಸವಿಲ್ಲದ ಚಾಲನೆ" ಎಂಬ ಅರ್ಥದ ಮಾತು.

ಸರ್ವಿಸ್ ಕೇಂದ್ರಕ್ಕೆ ಗಾಡಿ ಒಯ್ದಾಗಲೆಲ್ಲ ಕಂಪ್ಯೂಟರ್ ಹಚ್ಚಿ ನೋಡುತ್ತಾರೆ. ಆಮೇಲೆ ಟೆಸ್ಟ್ ಡ್ರೈವ್ ಎಂದು ಮುಂಜಾನೆ ಖಾಲಿ ಇರುವ ಏರ್‌ಪೋರ್ಟ್ ಕಡೆಯ ರಸ್ತೆಯಲ್ಲಿ ಓಡಿಸಿ, "ಎಲ್ಲಾ ನಾರ್ಮಲ್ ಐತ್ರಿ" ಎಂದು ಜಾಬ್ ಕಾರ್ಡಿನಲ್ಲಿ ಬರೆದು ಕಳಿಸುತ್ತಾರೆ. ಓಡುವ ರಸ್ತೆಯಲ್ಲಿ ನಾರ್ಮಲ್ ಎಂದು ನಾನೇ ಹೇಳುತ್ತಿದ್ದೇನಲ್ಲ! ಕಂಪ್ಯೂಟರಿನಲ್ಲಿ ದೋಷದ ಕೋಡ್ ಬಂದಿದ್ದನ್ನು ಒಮ್ಮೆ ನಾನೇ ಪಕ್ಕದಲ್ಲಿ ನಿಂತು ಕಂಡೆ. ಅದನ್ನು ಪ್ರಿಂಟ್ ತೆಗೆದು ಕೊಡಿ ಎಂದೆ. ಕೊಡುವ ಪದ್ಧತಿ ಇಲ್ಲ ಎಂದು ಅಳಿಸಿಹಾಕಿದರು.

ಇನ್ನು ಗಾಡಿಯ ತಳದ ಕಥೆ. ಇದು ಗೇರ್‌ಬಾಕ್ಸಿಗೆ ಬಂದು ಸೇರುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ. ಉದ್ದನೆಯ ಗಾಡಿ, ತಗ್ಗು ಗಾಡಿ, ಹಿಂದೆ ಮೂವರು ಕೂತರೆ ಇನ್ನೂ ತಗ್ಗು. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾನದಂಡದಂತೆ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, ಅಂದರೆ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವಂತೆ. ನಮ್ಮ ಹಳ್ಳಿಗಳಲ್ಲಿ ಯಾರದೋ ಎಮ್ಮೆಗೆ ಗಾಡಿ ಬಡಿದ ಮರುದಿನ ರಾತ್ರೋರಾತ್ರಿ ಏಳುವ ಹಂಪ್‌ಗಳಿಗೆ ಆ ಲೆಕ್ಕ ಇಲ್ಲ. ಅದು ಕಂಪನಿಯ ತಪ್ಪು ಎನ್ನುವಷ್ಟು ಬುದ್ಧಿಗೇಡಿ ನಾನಲ್ಲ. ತಪ್ಪು ಬೇರೆ ಇದೆ. ಡೆಲಿವರಿ ದಿನವೇ ತಮ್ಮ ಷೋರೂಮಿನ ಆಕ್ಸೆಸರೀಸ್ ಕೌಂಟರಿನವರು, "ಸರ, ಹಾವೇರಿ ಕಡೆ ಓಡಿಸ್ತೀರಿ, ಕೆಳಗ ಕಬ್ಬಿಣದ ಗಾರ್ಡ್ ಹಾಕಿಸ್ರಿ, ಇಲ್ಲಾಂದ್ರ ಚೇಂಬರ್ ಒಡೀತೈತಿ" ಎಂದು ತಾವೇ ಮಾರಿದರು, ತಾವೇ ಕೂರಿಸಿದರು, ಜಿಎಸ್‌ಟಿ ಬಿಲ್ಲೂ ಕೊಟ್ಟರು. ಈಗ ಅದೇ ಕಟ್ಟಡದ ಹಿಂಬದಿಯ ಸರ್ವಿಸ್ ವಿಭಾಗದವರು, ಗಾರ್ಡ್ ಹಾಕಿಸಿದ್ದರಿಂದ ಗಾಳಿ ಆಡದೆ ಗೇರ್‌ಬಾಕ್ಸ್ ಕಾಯುತ್ತಿದೆ, ಅದು ಕಂಪನಿಯ ಭಾಗ ಅಲ್ಲ, ವಾರಂಟಿ ಬರುವುದಿಲ್ಲ ಎನ್ನುತ್ತಾರೆ. ಗಾರ್ಡ್ ಬಿಚ್ಚಿಸಿ ಓಡಿಸಿದೆ, ಆಗಲೂ ಬಿಸಿಯಾಯಿತು. ಅದನ್ನು ಹೇಳಿದ್ದಕ್ಕೆ ಮತ್ತೆ ಅದೇ ಮಾತು, ನಮ್ಮ ರೋಡಿಗೆ ಆಗೂ ಗಾಡಿ ಅಲ್ರಿ.

ಸ್ವಾಮಿ, ತಮ್ಮ ಷೋರೂಂ ಇರುವುದು ಹುಬ್ಬಳ್ಳಿಯಲ್ಲಿ. ಗಿರಾಕಿಗಳು ಗದಗದವರು, ಹಾವೇರಿಯವರು, ನವಲಗುಂದದವರು, ರಾಣೆಬೆನ್ನೂರಿನವರು. ಮಾರಾಟದ ಹುಡುಗ ಬ್ಯಾಡಗಿಯ ನನ್ನ ಅಂಗಡಿಗೇ ಟೆಸ್ಟ್ ಡ್ರೈವ್ ಗಾಡಿ ತಂದಿದ್ದ, ನಮ್ಮ ರಸ್ತೆ ಕಂಡೇ ಆರ್ಡರ್ ಬರೆದುಕೊಂಡ. ಹಸಿ ಕಾಯಿಯ ಚೀಲ ಮಾರಿ, ಮುಗ್ಗಿದ ಮೇಲೆ ನಿಮ್ಮೂರ ಹವಾ ಸರಿಯಿಲ್ಲ ಎಂದು ನಾನು ಖರೀದಿದಾರನಿಗೆ ಹೇಳಿದರೆ ಮರು ಟೆಂಡರಿಗೆ ನನ್ನ ಅಂಗಡಿಯ ಕಟ್ಟೆ ಯಾರೂ ಹತ್ತುವುದಿಲ್ಲ. ಗಾಡಿ ಈ ರಸ್ತೆಗೆ, ಈ ಬಿಸಿಲಿಗೆ, ಈ ದಟ್ಟಣೆಗೆ ಆಗುತ್ತದೆ ಎಂದಾದರೆ ನನ್ನದರಲ್ಲಿ ದೋಷವಿದೆ, ರಿಪೇರಿ ಮಾಡಿಕೊಡಿ. ಆಗುವುದಿಲ್ಲ ಎಂದಾದರೆ ಅದನ್ನು ಕಂಪನಿಯ ಕಾಗದದ ಮೇಲೆ ಬರೆದುಕೊಟ್ಟು ಗಾಡಿ ವಾಪಸ್ ತೆಗೆದುಕೊಳ್ಳಿ. ಎರಡರ ನಡುವೆ ನಿಂತು ನನಗೆ ಚಾಲನೆಯ ಪಾಠ ಹೇಳುವುದು ಬೇಡ.

ಹಣದ ಲೆಕ್ಕ ಚಿಕ್ಕದು, ಬೇಗ ಮುಗಿಸುತ್ತೇನೆ. ಬುಕಿಂಗಿನಲ್ಲಿ ಹ್ಯಾಂಡ್ಲಿಂಗ್ ಚಾರ್ಜ್ ಎಂದು ತೆಗೆದುಕೊಂಡ ಮೊತ್ತಕ್ಕೆ ಬಿಲ್ಲೂ ಇಲ್ಲ, ರಸೀದಿಯೂ ಇಲ್ಲ. ವಿಮೆ ಹೊರಗಿನಿಂದ ಮಾಡಿಸುತ್ತೇನೆ ಎಂದಾಗ ಡೆಲಿವರಿ ತಡವಾಗುತ್ತದೆ ಎಂದು ಹೆದರಿಸಿ ತಮ್ಮಲ್ಲೇ ಮಾಡಿಸಿದರು. 10 ಲಕ್ಷ ಮೀರಿದ ಗಾಡಿಗೆ 1% ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡಿ ನನ್ನ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಹಿಡಿದರು, ಅದು ಕಾಯಿದೆ, ತಕರಾರಿಲ್ಲ. ಆದರೆ ಅಕ್ಟೋಬರ್-ಡಿಸೆಂಬರ್ ಲೆಕ್ಕ ಜನವರಿಯಲ್ಲೇ ಸಲ್ಲಿಕೆಯಾಗಬೇಕಿತ್ತು. ನನ್ನ ಆದಾಯ ತೆರಿಗೆ ಜಮೆಯ ಪಟ್ಟಿಯಾದ 26ಎಎಸ್‌ನಲ್ಲಿ ಆ ಹಣ ಇವತ್ತಿನ ತನಕ ಕಾಣುತ್ತಿಲ್ಲ. ದಿನಾ ಲೆಕ್ಕ ಬರೆಯುವವನ ಮುಂದೆ ಈ ಆಟ ನಡೆಯುವುದಿಲ್ಲ. ಆ ತೆರಿಗೆ ಹಿಡಿದದ್ದಕ್ಕೆ ಕೊಡಬೇಕಾದ ನಮೂನೆ 27ಡಿ ಪ್ರಮಾಣಪತ್ರ ಕಳಿಸಿ.

ಗೇರ್‌ಬಾಕ್ಸಿನ ವಿಷಯದಲ್ಲಿ ನನ್ನ ಬೇಡಿಕೆ ಇಷ್ಟು. ತಮ್ಮ ಕಂಪನಿಯ ಇಂಜಿನಿಯರ್ ಒಬ್ಬರು ಬ್ಯಾಡಗಿಗೆ ಬರಲಿ, ಟೆಂಡರ್ ದಿನ ಮಧ್ಯಾಹ್ನ ನನ್ನ ಪಕ್ಕದಲ್ಲಿ ಕೂರಲಿ, ಕಂಪ್ಯೂಟರ್ ಹಚ್ಚಿಕೊಂಡೇ ಕೂರಲಿ. ಬಂದ ಕೋಡ್, ಕ್ಲಚ್ಚಿನ ಉಷ್ಣತೆ ಎಲ್ಲದರ ಪ್ರಿಂಟ್ ನನಗೂ ಒಂದು ಪ್ರತಿ ಬೇಕು. ಕ್ಲಚ್ ಅಥವಾ ಅದನ್ನು ನಡೆಸುವ ಯೂನಿಟ್ಟಿನಲ್ಲಿ ದೋಷ ಕಂಡರೆ ವಾರಂಟಿಯಲ್ಲಿ ಹೊಸದು ಹಾಕಿಕೊಡಬೇಕು, ಹಾಕಿದ ಭಾಗಕ್ಕೆ ಆ ದಿನದಿಂದ ವಾರಂಟಿ ಬರೆದುಕೊಡಬೇಕು. ಗಾರ್ಡ್ ತಮ್ಮ ಕೌಂಟರಿನಲ್ಲೇ ಮಾರಿದ್ದು. ಅದರ ನೆಪದಲ್ಲಿ ವಾರಂಟಿ ನಿರಾಕರಿಸುವುದಿಲ್ಲ ಎಂಬುದೂ ಲಿಖಿತವಾಗಿ ಬರಬೇಕು. ಗಾಡಿ ರಿಪೇರಿಯಲ್ಲಿ ಇರುವಷ್ಟು ದಿನ ಬದಲಿ ಗಾಡಿ ಕೊಡಬೇಕು. ಸೀಸನ್ ಮೇ ತನಕ ಇದೆ.

ಈ ಪತ್ರ ತಲುಪಿ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಹಾವೇರಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆದ್ದರಿಂದ ತಮ್ಮ ವಕೀಲರೇ ಹಾವೇರಿಗೆ ಬರಬೇಕಾಗುತ್ತದೆ. ವ್ಯಾಪಾರಿ ತೆಗೆದುಕೊಂಡ ಗಾಡಿ, ವಾಣಿಜ್ಯ ಬಳಕೆ ಎಂಬ ತಕರಾರು ತೆಗೆಯುವ ಯೋಚನೆ ಇದ್ದರೆ ಈಗಲೇ ಹೇಳಿಬಿಡುತ್ತೇನೆ: ಗಾಡಿ ನನ್ನ ಸ್ವಂತ ಹೆಸರಿನಲ್ಲಿದೆ, ಅಂಗಡಿಯ ಲೆಕ್ಕದಲ್ಲಿ ಇಲ್ಲ, ಮನೆ ಮಂದಿ ಓಡಾಡಲು ತಂದದ್ದು.

ಗಾಡಿಯ ಇನ್ವಾಯ್ಸ್, ಜಾಬ್ ಕಾರ್ಡುಗಳು, ಗಾರ್ಡಿನ ಬಿಲ್ಲು ಮತ್ತು ಮೀಟರಿನ ಮೇಲೆ ಬಂದ ಸೂಚನೆಯ ಫೋಟೊಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ. ಉತ್ತರ ಅಂಚೆಯಲ್ಲೋ ಇಮೇಲಿನಲ್ಲೋ ಬರಲಿ. ಕಾಲ್ ಸೆಂಟರಿನ ಹುಡುಗಿ ಪ್ರತಿ ಸಲ ಫೋನ್ ಮಾಡಿ "ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ ಸರ್" ಎಂದು ಕೇಳುತ್ತಾಳೆ. ಪಾಪ, ಅವಳ ಮೇಲೆ ರೇಗಲು ನನಗೆ ಮನಸ್ಸಿಲ್ಲ. ಅದರಲ್ಲೂ ಸೋಮವಾರ, ಗುರುವಾರ ಫೋನ್ ಮಾಡಿಸಬೇಡಿ, ಟೆಂಡರ್ ಇರುತ್ತದೆ.

ಇಂತಿ,
ತಮ್ಮ ಗ್ರಾಹಕ,
ಬ್ಯಾಡಗಿ, ಹಾವೇರಿ ಜಿಲ್ಲೆ