ಹೆಸರು ಹಾಕಬೇಡಿ ಅಂದವರಿಗೆ

ಪುಸ್ತಕ ಬಂತು. ಮೊನ್ನೆ ಭಾನುವಾರ ಆಟೋದಿಂದ ಆರು ಕಟ್ಟು ಇಳಿದವು. ಕೈಗೆ ತೆಗೆದುಕೊಂಡರೆ ಇನ್ನೂ ಅಂಟಿನ ವಾಸನೆ. ಫ್ರೆಂಚ್ ಲೇಖಕ, ಪತ್ರಕರ್ತ, ರಾಜತಾಂತ್ರಿಕ ರೊಮ್ಯಾಂ ಗಾರಿಯ ಬದುಕನ್ನು ಕನ್ನಡದಲ್ಲಿ ಬರೆಯೋಕೆ ನನಗೆ ನಾಲ್ಕೂವರೆ ವರ್ಷ ಹಿಡಿಯಿತು. ಈಗ ಎಲ್ಲರಿಗೂ ಥ್ಯಾಂಕ್ಸ್ ಹೇಳೋಣ ಅಂತ ಕೂತರೆ ಒಂದು ಪೇಚು. ಯಾರನ್ನು ಕೇಳಿದರೂ "ನನ್ನ ಹೆಸರು ಮಾತ್ರ ಹಾಕಬೇಡಿ" ಅಂತಾರೆ.

ಸರಿ, ಹೆಸರಿಲ್ಲದೆಯೇ ಶುರು ಮಾಡ್ತೀನಿ.

ಮೊದಲ ಋಣ ಅಂಚೆ ಕಚೇರಿಯದು. ಮೂವತ್ತೊಂದು ವರ್ಷ ಕೌಂಟರ್ ಹಿಂದೆ ಕೂತು ಠಸ್ಸೆ ಹೊಡೆದವನು ನಾನು. ಏರ್ ಮೇಲ್ ಚೀಟಿ ಮೇಲೆ 'ಪಾರ್ ಆವಿಯೋಂ' ಅಂತ ಇರುತ್ತದಲ್ಲ, ಅದೇ ನಾನು ಕಲಿತ ಮೊದಲ ಫ್ರೆಂಚ್. ವಿದೇಶಿ ಪಾರ್ಸೆಲ್ ಫಾರಂಗಳಲ್ಲಿ ಫ್ರೆಂಚ್ ಯಾಕೆ ಅಂತ ಹಿರಿಯ ಪೋಸ್ಟ್‌ಮಾಸ್ಟರ್ ಒಬ್ಬರನ್ನು ಕೇಳಿದ್ದೆ. ವಿಶ್ವ ಅಂಚೆ ಒಕ್ಕೂಟ 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಹುಟ್ಟಿದ್ದು, ಅದರ ಅಧಿಕೃತ ಭಾಷೆ ಫ್ರೆಂಚ್ ಅಂದರು. ಗಾರಿ 1950ರ ಸುಮಾರಿಗೆ ಅದೇ ಬರ್ನ್‌ನ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಕೆಲಸ ಮಾಡಿದ್ದ ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಸುಮ್ನೆ ಕಾಕತಾಳೀಯ. ಆದರೂ ಖುಷಿಯಾಯಿತು.

ಆಮೇಲೆ ನನ್ನ ಫ್ರೆಂಚ್ ಮೇಡಂ. ಅರವತ್ತು ದಾಟಿದ ವಿದ್ಯಾರ್ಥಿಗೆ ಬೆಂಗಳೂರಿನಿಂದ ಫೋನಿನಲ್ಲೇ ಪಾಠ ಹೇಳಿದರು. ಮೊದಲು ಓದಿಸಿದ್ದು ಗಾರಿ ತನ್ನ ತಾಯಿಯ ಬಗ್ಗೆ 1960ರಲ್ಲಿ ಬರೆದ ಪುಸ್ತಕ. ಗಾರಿ ಹುಟ್ಟಿದ್ದು 1914ರಲ್ಲಿ, ಈಗಿನ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ, ಯಹೂದಿ ಮನೆಯಲ್ಲಿ. ಆಗಿನ ಹೆಸರು ರೊಮಾನ್ ಕಾಟ್ಸೆವ್. ಅಪ್ಪ ಮನೆ ಬಿಟ್ಟು ಹೋದ. ತಾಯಿ ಮೀನಾ ಮಗನನ್ನು ಕರೆದುಕೊಂಡು ವಾರ್ಸಾಗೆ, ಅಲ್ಲಿಂದ 1928ರಲ್ಲಿ ಫ್ರಾನ್ಸಿನ ನೀಸ್‌ಗೆ ಬಂದಳು. ನನ್ನ ಮಗ ಫ್ರಾನ್ಸಿನ ರಾಯಭಾರಿ ಆಗ್ತಾನೆ, ದೊಡ್ಡ ಲೇಖಕ ಆಗ್ತಾನೆ ಅಂತ ನೆರೆಹೊರೆಯವರ ಮುಂದೆ ಸಾರುತ್ತಿದ್ದಳಂತೆ. ಹುಡುಗನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದಾ ಅನ್ನಿಸುತ್ತಿತ್ತು.

ನೀಸ್‌ನಲ್ಲಿ ಮಧ್ಯಾಹ್ನ ಮಗನ ತಟ್ಟೆಗೆ ಬೀಫ್ ಸ್ಟೀಕ್ ಬೀಳುತ್ತಿತ್ತು. ತಾಯಿ ಮುಟ್ಟುತ್ತಿರಲಿಲ್ಲ. ನಾನು ತರಕಾರಿ ಮಾತ್ರ ತಿನ್ನೋಳು ಅಂತಿದ್ದಳು. ಒಂದು ದಿನ ಹುಡುಗ ಅಡುಗೆಮನೆಗೆ ಹೋಗಿ ನೋಡಿದರೆ, ಆಕೆ ಸ್ಟೂಲಿನ ಮೇಲೆ ಕೂತಿದ್ದಾಳೆ. ತೊಡೆ ಮೇಲೆ ಸ್ಟೀಕ್ ಹುರಿದ ಬಾಣಲೆ. ತಳಕ್ಕೆ ಹತ್ತಿದ ಜಿಡ್ಡನ್ನು ಬ್ರೆಡ್ ಚೂರಿನಿಂದ ಒರೆಸಿ ಒರೆಸಿ ತಿನ್ನುತ್ತಿದ್ದಾಳೆ. ಆ ದಿನ ಮೇಡಂಗೆ "ಇವತ್ತಿಗೆ ಸಾಕು" ಅಂದೆ. ಅವರೂ ಸಾಕು ಅಂದರು.

ಕರಡು ತಿದ್ದಿದ ಗೆಳೆಯರಿಗೆ ಇದೇ ಪುಟದಲ್ಲಿ ತಕರಾರು. "ಬೀಫ್ ಅಂತ ಯಾಕೆ, ಮಾಂಸದ ತುಂಡು ಅಂದರೆ ಸಾಲದಾ?" ಅಂದರು. ಎರಡು ದಿನ ವಾದ ಮಾಡಿದೆವು. ಕೊನೆಗೆ ಅವರೇ ಫೋನ್ ಮಾಡಿ, "ಇರಲಿ ಬಿಡಿ, ಆಕೆ ಮಾಡಿದ್ದು ಅದನ್ನೇ ಅಲ್ವಾ" ಅಂದರು. ಅವರಿಗೆ ಥ್ಯಾಂಕ್ಸ್. ಅದೇ ಹಸ್ತಪ್ರತಿ ನೋಡಿ "ಯಾವನೋ ಫ್ರೆಂಚ್‌ನವನ ಕತೆ ನಮ್ಮವರಿಗೆ ಯಾಕೆ ಸಾರ್" ಅಂತ ವಾಪಸ್ ಕೊಟ್ಟ ಪ್ರಕಾಶಕರಿಗೂ ಥ್ಯಾಂಕ್ಸ್. ಆ ಸಿಟ್ಟಿನಲ್ಲೇ ಎರಡು ಅಧ್ಯಾಯ ಮತ್ತೆ ಬರೆದೆ. ಮೊದಲಿಗಿಂತ ಚೆನ್ನಾಗಿ ಬಂದವು.

ಮೂರನೇ ವರ್ಷ ಶುಗರ್ ಜಾಸ್ತಿಯಾಗಿ ಕಣ್ಣಿನೊಳಗೆ ರಕ್ತ ಇಳಿಯಿತು. ಏಳು ತಿಂಗಳು ಅಕ್ಷರ ಕಾಣಲಿಲ್ಲ. ಸೊಸೆ ದಿನಾ ರಾತ್ರಿ ಪಾತ್ರೆ ತೊಳೆದು ಬಂದು ನನ್ನ ಪಕ್ಕ ಕೂರೋಳು. ಅವಳಿಗೆ ಫ್ರೆಂಚ್ ಬರೋಲ್ಲ. ಅಕ್ಷರ ಅಕ್ಷರವಾಗಿ ಹೇಳೋಳು: ಬಿ, ಇ, ಎ, ಯು. ನಾನು "ಬೋ" ಅನ್ನುತ್ತಿದ್ದೆ. "ನಾಲ್ಕು ಅಕ್ಷರ ಬರೆದು ಒಂದೇ ಅಕ್ಷರ ಓದ್ತಾರಾ! ಇವರು ದುಡ್ಡಿದ್ದೋರು ಮಾವ" ಅಂತ ನಗೋಳು.

ಹಾಗೆ ಅವಳ ಬಾಯಿಂದ ಓದಿಸಿಕೊಂಡದ್ದು 1944ರ ಜನವರಿ 25ರ ಕತೆ. ಗಾರಿ ಆಗ ಜರ್ಮನರ ವಿರುದ್ಧ ಹೋರಾಡುತ್ತಿದ್ದ ಜನರಲ್ ದ ಗಾಲ್ ಅವರ ಸ್ವತಂತ್ರ ಫ್ರೆಂಚ್ ಪಡೆಯ ಲೊರೇನ್ ಸ್ಕ್ವಾಡ್ರನ್‌ನಲ್ಲಿದ್ದ. ಬಾಂಬರ್ ವಿಮಾನದಲ್ಲಿ ದಾರಿ ತೋರಿಸುವ ಕೆಲಸ. ಗುಂಡೇಟಿಗೆ ಚೂರುಗಳು ಸಿಡಿದು ಪೈಲಟ್ ಅರ್ನೋ ಲಾಂಜೆಯ ಕಣ್ಣು ಕಾಣದಾಯಿತು. ಗಾರಿಯ ಹೊಟ್ಟೆಗೂ ಪೆಟ್ಟು. ಆದರೂ ಬರೀ ಬಾಯಿಮಾತಿನಲ್ಲಿ ಎಡಕ್ಕೆ, ಬಲಕ್ಕೆ ಅಂತ ಹೇಳುತ್ತಾ ಗುರಿ ಮುಟ್ಟಿಸಿದ, ಬಾಂಬು ಹಾಕಿದ, ವಾಪಸ್ ಇಂಗ್ಲೆಂಡಿಗೂ ಕರೆತಂದ. ಲಾಂಜೆಗೆ ಆಮೇಲೆ ಕಣ್ಣು ಬಂತು. ಸೊಸೆ ಅದನ್ನು ಮುಗಿಸಿ, "ನಿಮಗೂ ಬರತ್ತೆ ಬಿಡಿ" ಅಂದು ದೀಪ ಆರಿಸಿದಳು. ಬಂತು. ಒಂದು ಕಣ್ಣು ಪೂರ್ತಿ, ಇನ್ನೊಂದು ಮುಕ್ಕಾಲು.

ಸೋಫಿಯಾ, ನ್ಯೂಯಾರ್ಕ್, ಲಾಸ್ ಏಂಜಲೀಸ್ ಅಂತ ಅವನ ವರ್ಗಾವಣೆಗಳನ್ನೆಲ್ಲ ನಾನು ಬೇಗ ಬೇಗ ದಾಟಿಸಿದ್ದೇನೆ. ಸರ್ಕಾರಿ ನೌಕರಿಯ ಬೇಸರ ನನಗೇನು ಹೊಸದಲ್ಲ. 1956ರಲ್ಲಿ ಆನೆಗಳನ್ನು ಉಳಿಸಲು ಹೊರಟವನ ಕಾದಂಬರಿಗೆ ಫ್ರಾನ್ಸಿನ ದೊಡ್ಡ ಸಾಹಿತ್ಯ ಪ್ರಶಸ್ತಿ ಗೊಂಕೂರ್ ಬಂತು. 1967ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಒಂದು ಆನೆಗೇ ಪತ್ರ ಬರೆದ. ಯಾವ ಪಿನ್‌ಕೋಡ್ ಹಾಕಬೇಕಿತ್ತೋ!

ಪತ್ರ ಅಂದಾಗ ಒಂದು ಹೇಳಲೇಬೇಕು. ಯುದ್ಧದ ಉದ್ದಕ್ಕೂ ತಾಯಿಯ ಪತ್ರಗಳು ಬರುತ್ತಿದ್ದವು, ಗೆದ್ದು ಊರಿಗೆ ಹೋದರೆ ಆಕೆ ತೀರಿಕೊಂಡು ಮೂರೂವರೆ ವರ್ಷ ಆಗಿತ್ತು ಅಂತ ಗಾರಿ ಬರೆದಿದ್ದಾನೆ. ಸಾಯುವ ಮೊದಲೇ ತಾರೀಖಿಲ್ಲದ ಸುಮಾರು ಇನ್ನೂರೈವತ್ತು ಪತ್ರ ಬರೆದು ಗೆಳತಿಯ ಕೈಲಿ ಕೊಟ್ಟಿದ್ದಳಂತೆ, ಆಕೆ ಸ್ವಿಟ್ಜರ್ಲೆಂಡಿನಿಂದ ಕಳಿಸುತ್ತಿದ್ದಳಂತೆ. ಜೀವನಚರಿತ್ರೆಕಾರರು ಇದು ಕಟ್ಟುಕತೆ ಅಂತಾರೆ. 1941ರಲ್ಲಿ ತಾಯಿ ತೀರಿಕೊಂಡ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ನಾನು ಎರಡನ್ನೂ ಬರೆದಿದ್ದೇನೆ. ಠಸ್ಸೆ ಹೊಡೆದ ಕೈ, ಸುಳ್ಳು ಹೇಳಬಾರದು. ಆದರೆ ಬಟವಾಡೆ ಆಗಬೇಕಿದ್ದ ಪತ್ರಗಳು ಅಂತ ಇಂದಿಗೂ ಅನ್ನಿಸುತ್ತದೆ.

1975ರಲ್ಲಿ ಎಮಿಲ್ ಅಜಾರ್ ಅನ್ನೋ ಹೆಸರಿನಲ್ಲಿ ಬರೆದು ಗೊಂಕೂರ್ ಎರಡನೇ ಸಲ ಹೊಡೆದ. ಒಬ್ಬರಿಗೆ ಒಂದೇ ಸಲ ಅನ್ನೋದು ಅದರ ನಿಯಮ. ಬಂಧುವಿನ ಮಗ ಪೋಲ್ ಪಾವ್ಲೊವಿಚ್‌ನನ್ನು ಅಜಾರ್ ಅಂತ ಮುಂದೆ ನಿಲ್ಲಿಸಿದ್ದ. ಗಾರಿ 1980ರ ಡಿಸೆಂಬರ್ 2ರಂದು ತಾನೇ ಪ್ರಾಣ ಕಳೆದುಕೊಂಡ. ಮರುವರ್ಷ ಅಚ್ಚಾದ ಅವನದೇ ಒಂದು ಪುಟ್ಟ ಬರಹದಲ್ಲಿ ಗುಟ್ಟು ಬಯಲಾಯಿತು. ಅದರ ಕೊನೆಯ ಸಾಲು: ಚೆನ್ನಾಗಿ ಮಜಾ ಮಾಡಿದೆ, 'ಓ ರವ್ವಾರ್', ಥ್ಯಾಂಕ್ಸ್. ಆ ನಡುವಿನ ಮಾತಿಗೆ ಒಂದು ವಾರ ಒದ್ದಾಡಿದೆ. ವಿದಾಯ ಅಂದರೆ ಭಾಷಣದ ಹಾಗೆ ಕೇಳುತ್ತೆ. ನಮ್ಮನೆಯವಳು ಒಗ್ಗರಣೆ ಹಾಕುತ್ತಾ, "ಹೋಗಿ ಬರ್ತೀನಿ ಅಂತ ಹಾಕಿ, ನಮ್ಮಲ್ಲಿ ಹೋಗ್ತೀನಿ ಅಂತ ಯಾರು ಹೇಳ್ತಾರೆ" ಅಂದಳು. ಹಾಗೇ ಹಾಕಿದೆ. ಅವಳೂ ಹೆಸರು ಬೇಡ ಅಂದವಳೇ.

ಗಾರಿಯ ಬಾಲ್ಯದ ನೆರೆಯವನೊಬ್ಬ ಮಾತ್ರ ಇದಕ್ಕೆ ತದ್ವಿರುದ್ಧ. ಮೀನಾಳ ಮಾತನ್ನು ನಂಬಿದ್ದ ಒಬ್ಬನೇ ಒಬ್ಬ. ನೀನು ದೊಡ್ಡವರನ್ನು ಭೇಟಿಯಾದಾಗ, ವಿಲ್ನೋದ (ವಿಲ್ನಿಯಸ್‌ಗೆ ಆಗಿನ ಹೆಸರು) ಗ್ರಾಂದ್ ಪೊಹುಲಾಂಕ ರಸ್ತೆ 16ನೇ ನಂಬರಿನಲ್ಲಿ ಪಿಯೆಕ್ಯೆಲ್ನಿ ಅನ್ನೋರು ಇದ್ದರು ಅಂತ ಹೇಳು ಅಂದಿದ್ದನಂತೆ. ಗಾರಿ ಇಂಗ್ಲೆಂಡಿನ ರಾಣಿಗೂ ಹೇಳಿದನಂತೆ. ಅಷ್ಟರಲ್ಲಿ ವಿಲ್ನೋದ ಯಹೂದಿಗಳನ್ನು ನಾಜಿಗಳು ಮುಗಿಸಿಯಾಗಿತ್ತು. ಆ ರಸ್ತೆಗೆ ಈಗ ಬೇರೆ ಹೆಸರು. ಅಲ್ಲಿ ಪುಟ್ಟ ಗಾರಿಯ ಪ್ರತಿಮೆ ಇದೆ, ಕೈಯಲ್ಲಿ ಒಂದು ಬೂಟು ಹಿಡಿದು ಮೇಲೆ ನೋಡುತ್ತಿದ್ದಾನೆ.

ಸೋಮವಾರ ನಮ್ಮ ಹಳೇ ಪೋಸ್ಟ್ ಆಫೀಸಿಗೆ ಹೋಗಿ ಆ ವಿಳಾಸಕ್ಕೆ, ಶ್ರೀ ಪಿಯೆಕ್ಯೆಲ್ನಿ ಅವರಿಗೆ ಅಂತ ಬರೆದು, ಒಂದು ಪ್ರತಿ ಕಳಿಸಿದೆ. ಕೌಂಟರಿನ ಹುಡುಗಿ ನೂರೆಂಟು ಸಲ ನೋಡಿ, "ಇದು ಮುಟ್ಟತ್ತಾ ಅಂಕಲ್?" ಅಂದಳು. ಮುಟ್ಟೋಲ್ಲ. 'ಎಂಕೊನ್ಯೂ' ಅಂತ, ಗೊತ್ತಿಲ್ಲದ ವ್ಯಕ್ತಿ ಅಂತ, ಫ್ರೆಂಚಿನಲ್ಲೇ ಚೀಟಿ ಅಂಟಿಸಿಕೊಂಡು ಬರುತ್ತೆ. ಹಿಂದುಗಡೆ ನನ್ನ ವಿಳಾಸ ದೊಡ್ಡದಾಗಿ ಬರೆದಿದ್ದೇನೆ.